ಹುಣಸೆಹಣ್ಣು ಹಾಕಿ ತಿಕ್ಕಿದ ಎಂಜಿನ್

ಸೀಟಿ ಜೋಳದ ಕಾಳಿಗಿಂತ ಸಣ್ಣದು. ಹಿತ್ತಾಳೆಯದು. ಬೆರಳ ತುದಿಯಲ್ಲಿಟ್ಟು ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಸದ್ಯ ಅದು ನಮ್ಮ ಬಚ್ಚಲಿನ ಮೋರಿಯಲ್ಲಿ ಎಲ್ಲೋ ಇದೆ.

ನಾನು ಕಟ್ಟುತ್ತಿರುವ ಅಂಗೈ ಉದ್ದದ ಉಗಿ ಎಂಜಿನ್ನಿನ ಸೀಟಿ ಅದು. ಇದಕ್ಕೆ ಕಿಟ್ ಬರುತ್ತದೆ. ಪೆಟ್ಟಿಗೆ ತೆರೆದರೆ ಒಳಗೆ ಎಂಜಿನ್ ಇರುವುದಿಲ್ಲ, ತೆಳ್ಳನೆಯ ಹಿತ್ತಾಳೆ ಹಾಳೆಗಳಿರುತ್ತವೆ. ಬಿಡಿಭಾಗಗಳ ಆಕಾರವನ್ನು ಅವುಗಳಲ್ಲಿ ಆಸಿಡ್‌ನಿಂದ ಕೊರೆದಿರುತ್ತಾರೆ. ಒಂದೊಂದನ್ನೇ ಕತ್ತರಿಸಿ, ಗೆರೆ ಇದ್ದಲ್ಲಿ ಮಡಚಿ, ಬೆಸುಗೆ ಹಾಕಬೇಕು. ಮಡಚುವುದು ಒಂದೇ ಸಲ. ತಪ್ಪಾಯಿತೆಂದು ಬಿಚ್ಚಿ ಮತ್ತೆ ಮಡಚಲು ಹೋದರೆ ಗೆರೆಯಲ್ಲೇ ಮುರಿಯುತ್ತದೆ. (ಇಂಥದ್ದೇ ನಿನಗೆ ಏಕೆ ಇಷ್ಟ ಎಂದು ಕೇಳಬೇಡಿ.)

ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದೆ. ಏನೋ ಮಾಡುತ್ತಾಳೆ ಎಂದು ಮನೆಯಲ್ಲಿ ಗೊತ್ತಿತ್ತು, ಅಷ್ಟೇ. ವಿಜಯದಶಮಿಯ ದಿನ ಹೈದರಾಬಾದಿನಲ್ಲಿ ಮಾಡೆಲ್ ರೈಲುಗಳ ಪ್ರದರ್ಶನ. ಅಲ್ಲಿ ಹಳಿಯ ಮೇಲೆ ನನ್ನ ಎಂಜಿನ್ ಓಡಿಸಲು ಮೊದಲ ಸಲ ಅವಕಾಶ ಸಿಕ್ಕಿತ್ತು. ಯಾರಿಗೂ ಹೇಳಿರಲಿಲ್ಲ. ಗೆಳತಿಯ ಮನೆಗೆ ಹೋಗಿಬರುತ್ತೇನೆ ಅಂದಿದ್ದೆ. ಓಡಿದರೆ ಸರಿ. ಓಡದಿದ್ದರೆ? ಅದು ನನಗೊಬ್ಬಳಿಗೇ ಗೊತ್ತಿರಲಿ ಎಂದು.

ಅಷ್ಟರಲ್ಲಿ ಹಬ್ಬಕ್ಕೆ ಔರಾದ್ ತಾಲೂಕಿನ ಠಾಣಾ ಕುಶನೂರಿನಿಂದ ಅತ್ಯಾ ಬೀದರಿನ ನಮ್ಮ ಮನೆಗೆ ಬಂದರು. ಅಪ್ಪನ ಅಕ್ಕ.

ಮಹಾನವಮಿಯ ಬೆಳಿಗ್ಗೆ ನಾನು ಕಾಯಿಪಲ್ಯ ತರಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಮನೆಯ ಹಿತ್ತಾಳೆಯೆಲ್ಲ ಬಚ್ಚಲಿಗೆ ಇಳಿದು, ಹುಣಸೆಹಣ್ಣು, ಬೂದಿ, ತೆಂಗಿನ ನಾರು ಎಲ್ಲವನ್ನೂ ಕಂಡು ಹೊರಬಂದಿತ್ತು. ದೀಪ, ತಂಬಿಗೆ, ಹಂಡೆ. ಮತ್ತು ನನ್ನ ಎಂಜಿನ್.

ಆಯುಧ ಪೂಜೆಯ ಮಣೆಯ ಮೇಲೆ ಅಪ್ಪನ ಸ್ಕೂಟರಿನ ಕೀಲಿ, ಅವ್ವನ ಕತ್ತರಿ. ಪಕ್ಕದಲ್ಲಿ ನನ್ನ ಸೋಲ್ಡರಿಂಗ್ ಐರನ್, ಅರಗಳು, ಇಕ್ಕಳ. ನಡುವೆ ಎಂಜಿನ್ ಥಳಥಳ ಹೊಳೆಯುತ್ತಿತ್ತು, ಬಾಯ್ಲರಿನ ಮೇಲೆ ವಿಭೂತಿಯ ಮೂರು ಪಟ್ಟೆ. ಸೀಟಿ ಇದ್ದ ಜಾಗ ಖಾಲಿ. ಗಾಲಿ ತಿರುಗಿಸಿ ನೋಡಿದೆ. ತಿರುಗಲಿಲ್ಲ. ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಸಪೂರ ಸಲಾಕೆ ನಾರಿನ ಎಳೆತಕ್ಕೆ ಬಾಗಿತ್ತು.

ಕೈ ತಾನಾಗಿ ಇಕ್ಕಳದ ಕಡೆ ಹೋಯಿತು.

"ಏ ಹುಡುಗಿ, ಮುಟ್ಟಬ್ಯಾಡ," ಅಂದರು ಅತ್ಯಾ. "ಪೂಜಿ ಆಗ್ಯದ. ನಾಳಿ ಮುಂಜಾನಿ ಆರತಿ ಆಗೋತನಕ ಅವಕ್ಕ ಸೂಟಿ."

"ಅತ್ಯಾ, ಇದನ್ನ ಯಾಕ ತಿಕ್ಕಿದ್ರಿ?"

"ಹಿತ್ತಾಳಿ ಅಲ್ಲೇನು? ಮೈಯೆಲ್ಲ ಕಲಿ ಬಿದ್ದಿತ್ತು. ನೋಡಿಕೋತ ಕೂಡಲಿಕ್ಕಿ ನನಗ ಕೈ ತಡೀತದೇನು?"

(ಬಣ್ಣ ಬಳಿಯುವ ಮೊದಲು ಹಿತ್ತಾಳೆಯನ್ನು ಹುಳಿಯಲ್ಲಿ ತೊಳೆಯಬೇಕು ಎಂದು ಕಿಟ್‌ನ ಸೂಚನೆಯಲ್ಲೂ ಇದೆ. ತೆಂಗಿನ ನಾರಿನ ಪ್ರಸ್ತಾಪ ಮಾತ್ರ ಇಲ್ಲ.)

ಆ ಇಡೀ ದಿನ ಕೂತಲ್ಲಿ ಕೂರಲಿಲ್ಲ. ಮಾಳಿಗೆ ಹತ್ತಿದೆ, ಇಳಿದೆ. ಬ್ಯಾಗು ತುಂಬಿದೆ, ಬಿಚ್ಚಿದೆ, ಮತ್ತೆ ತುಂಬಿದೆ. "ಮರಿ ಕಳಕೊಂಡ ಬೆಕ್ಕಿನಂಗ ಯಾಕ ಅಡ್ಡಾಡ್ಲತ್ತಿ?" ಎಂದು ಅವ್ವ ಕೇಳಿದಳು. ಏನಿಲ್ಲ ಅಂದೆ. ಇಕ್ಕಳ ನಾಲ್ಕು ಹೆಜ್ಜೆ ದೂರದಲ್ಲಿ ಕುಂಕುಮ ಹಚ್ಚಿಕೊಂಡು ಮಲಗಿತ್ತು.

ಎತ್ತಿಕೊಳ್ಳಬಹುದಿತ್ತಲ್ಲ? ಪೂಜೆಯ ಮೇಲೆ ಅಷ್ಟು ನಂಬಿಕೆಯೇ? ಇಲ್ಲ. ಎತ್ತಿಕೊಂಡರೆ ಏಕಿಷ್ಟು ಅವಸರ ಎಂದು ಕೇಳುತ್ತಾರಲ್ಲ, ಅದಕ್ಕೆ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕೈಕೆಲಸಕ್ಕೆ ಒಂದು ವಿಳಾಸ ಇರಬೇಕು. ಸ್ವೆಟರ್ ತಮ್ಮನಿಗೆ, ಕೌದಿ ಅಕ್ಕನ ಕೂಸಿಗೆ. ಯಾರಿಗೂ ಅಲ್ಲದ್ದನ್ನು ಮಾಡುವವರು ಬಾಗಿಲು ಮುಂದೆ ಮಾಡಿಕೊಳ್ಳುತ್ತೇವೆ. ಬಾಗಿಲ ಹಿಂದಿನ ಹಿತ್ತಾಳೆ ಪಾತ್ರೆಯಲ್ಲ ಎಂದು ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ನೀವೇ ಹೇಳಿ.

ಮಧ್ಯಾಹ್ನ ಅತ್ಯಾ ಮಣೆಯ ಮುಂದೆ ಕೂತು ಎಂಜಿನ್ನನ್ನೇ ನೋಡುತ್ತಿದ್ದರು. ಅವರು ಹುಟ್ಟಿ ಬೆಳೆದದ್ದು ಭಾಲ್ಕಿಯಲ್ಲಿ, ಸ್ಟೇಷನ್ನಿನ ಹತ್ತಿರ. ಮದುವೆಯಾದ ಊರಿಗೆ ಬಸ್ಸು ಬಿಟ್ಟರೆ ಬೇರೆ ಇಲ್ಲ.

"ಇದು ನಮ್ಮ ಭಾಲ್ಕಿಗಿ ಬರ್ತಿದ್ದ ಗಾಡಿ ಏನು?"

"ಅದೇ ಜಾತೀದ್ರಿ."

"ಅದು ಹಿಂಗ ಹೊಳೀತಿದ್ದಿಲ್ಲ ಬಿಡು. ಎಮ್ಮಿಯಂಗ ಕರ್ರಗಿತ್ತು. ಇದು ಓಡತದೇನು?"

"ನಿನ್ನಿ ಓಡ್ತಿತ್ರಿ."

ಅತ್ಯಾ ನನ್ನ ಮುಖ ನೋಡಿದರು. ಅದೇನಾಯಿತೋ, ಎಲ್ಲ ಹೇಳಿಬಿಟ್ಟೆ. ಸಲಾಕೆ, ಸೀಟಿ, ಹೈದರಾಬಾದು, ಇಲ್ಲದ ಗೆಳತಿ.

"ಬಾಯಿಗಿ ಕೀಲಿ ಹಾಕ್ಕೊಂಡು ಕುಂತ್ರ ನನಗೇನು ಕನಸು ಬೀಳತದೇನು?" ಅಂದರು. "ನಾನೂ ಬರ್ತೇನಿ. ದಸರಾ ದಿನ ಊರ ಸೀಮಿ ದಾಟೋದು ಒಳ್ಳೇದು. ಓಡಲಿಲ್ಲಂದ್ರ, ನಾನೇ ತಿಕ್ಕಿ ಕೆಡಿಸೀನಿ ಅಂತ ಅವರಿಗಿ ಹೇಳ್ತೇನಿ."

ಕಣ್ಣ ಮುಂದೆ ಚಿತ್ರ ಬಂತು. ಗಂಭೀರ ಮುಖದ ಗಂಡಸರು, ಒಬ್ಬೊಬ್ಬರ ಮುಂದೆ ಒಂದೊಂದು ಎಂಜಿನ್, ನನ್ನ ಮೇಜಿನ ಪಕ್ಕ ನಿಂತು ಹುಣಸೆಹಣ್ಣಿನ ವಿವರ ಕೊಡುತ್ತಿರುವ ಅತ್ಯಾ.

"ಬ್ಯಾಡ್ರಿ ಅತ್ಯಾ. ನಿಮಗ ತ್ರಾಸ ಆಗತದ."

"ತ್ರಾಸ ಆಗೋದು ನಿನಗ. ನನಗಲ್ಲ."

ಸೋಲನ್ನು ಒಬ್ಬಳೇ ನೋಡುವುದು ಸುಲಭವೋ, ಪಕ್ಕದಲ್ಲೊಬ್ಬರು ನಿಂತಿರುವಾಗ ನೋಡುವುದು ಸುಲಭವೋ? ಸಂಜೆಯವರೆಗೂ ಯೋಚಿಸಿದೆ. ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಆರತಿ ಮುಗಿದ ಕೂಡಲೇ ಇಕ್ಕಳ ಎತ್ತಿಕೊಂಡು ಸಲಾಕೆ ನೇರ ಮಾಡಿದೆ. ಗಾಲಿ ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ನೋಡಲು ಹೊತ್ತಿರಲಿಲ್ಲ. ಬೀದರ್ ಸ್ಟೇಷನ್ನಿನ ಕೌಂಟರಿನಲ್ಲಿ ಬಗ್ಗಿ, ಹೈದರಾಬಾದಿಗೆ ಎರಡು ಟಿಕೆಟ್ ಕೊಡಿ ಅಂದೆ.