ನೀರೆರೆಯುವ ಚಿಕ್ಕಗಂಗಮ್ಮ ಮತ್ತು ಸೋಮವಾರದ ತಣ್ಣೀರು

ನನ್ನ ಬಾಯಿ ಜೋರು ಅಂತ ನಮ್ಮ ಯಜಮಾನರು ಕರಿಬಸವಯ್ಯನವರು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದಾರೆ. ನಾನು ಒಪ್ಪಿರಲಿಲ್ಲ. ಈಗ ಚಿಕ್ಕಗಂಗಮ್ಮನ ವಿಷಯ ಬರೆಯಲು ಕೂತರೆ ಮೊದಲು ಅದನ್ನು ಒಪ್ಪಿಕೊಂಡೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಚಿಕ್ಕಗಂಗಮ್ಮ ಬಾಣಂತಿಯರಿಗೂ ಹಸುಗೂಸುಗಳಿಗೂ ನೀರೆರೆಯುವವಳು. ಊರು ನಿಟ್ಟೂರು. ಬೆಳಗಿನ ರೈಲಿಗೆ ನಾವಿರುವ ತುಮಕೂರಿಗೆ ಬಂದು, ಮೂರು ಮನೆಗಳಲ್ಲಿ ನೀರೆರೆದು, ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗುತ್ತಾಳೆ. ಅರವತ್ತಮೂರು ವರ್ಷ. ಇಪ್ಪತ್ತೇಳು ವರ್ಷದ ಹಿಂದೆ ಗುಬ್ಬಿಯ ನನ್ನ ತವರಿನಲ್ಲಿ ನಾನು ಬಾಣಂತಿಯಾಗಿದ್ದಾಗ ನನಗೂ ನನ್ನ ಮಗಳು ಮಧುಶ್ರೀಗೂ ಎರೆದದ್ದು ಇವಳೇ. ನನಗಿಂತ ಎಂಟು ವರ್ಷ ದೊಡ್ಡವಳು, ಆದರೂ ಏಕವಚನ. ಬೆನ್ನು ಉಜ್ಜಿದವರನ್ನು ಬಹುವಚನದಲ್ಲಿ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಅವಳ ಕೆಲಸ ನೋಡಬೇಕು ನೀವು. ಬಂದವಳೇ ಬಳೆ ಬಿಚ್ಚಿ ಕಿಟಕಿಯಲ್ಲಿಡುತ್ತಾಳೆ. ಉಗುರನ್ನು ಕಲ್ಲಿಗೆ ತಿಕ್ಕಿ ನುಣುಪು ಮಾಡಿಕೊಂಡಿರುತ್ತಾಳೆ. ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಆ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಉಜ್ಜುತ್ತಾಳೆ. ಆಮೇಲೆ ಬಕೆಟ್ಟಿನಲ್ಲಿ ಮೊಣಕೈ ಅದ್ದುತ್ತಾಳೆ. ಬೆರಳು ಸುಳ್ಳು ಹೇಳುತ್ತದಂತೆ, ಮೊಣಕೈ ಹೇಳುವುದಿಲ್ಲವಂತೆ. ಪ್ರತಿ ಬಕೆಟ್ಟಿಗೂ ಮೊಣಕೈ. ಅದು ಒಪ್ಪದೆ ಒಂದು ಚೊಂಬು ನೀರೂ ಮಗುವಿನ ಮೇಲೆ ಬೀಳುವುದಿಲ್ಲ. ಎರೆಯುವಾಗ ಯಾರೂ ಮಾತಾಡಬಾರದು, ಫೋನಂತೂ ಆ ಕಡೆ ಸುಳಿಯಬಾರದು. ಮಗುವಿಗೆ ಎರಡು, ಬಾಣಂತಿಗೆ ಐದು, ಒಟ್ಟು ಏಳು ಬಕೆಟ್. ಎಂಟಾಗುವುದಿಲ್ಲ, ಆರಾಗುವುದಿಲ್ಲ.

ಮಧುಶ್ರೀ ಕುಣಿಗಲ್ಲಿನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದಾಗ ನಾನು ಬೇರೆ ಯಾರನ್ನೂ ಯೋಚಿಸದೆ ಇವಳಿಗೇ ಹೇಳಿಕಳಿಸಿದೆ. ಮಾಳಿಗೆಯ ಮೇಲೆ ಮುನ್ನೂರು ಲೀಟರಿನ ಸೋಲಾರ್ ಇದೆ, ನೀರಿಗೇನು ಬರ ಅಂದುಕೊಂಡಿದ್ದೆ. ಸೋಲಾರ್ ಬಂದ ಮೇಲೆ ಹಳೇ ಗೀಸರನ್ನೂ ಬಿಚ್ಚಿಸಿ ಕೊಟ್ಟುಬಿಟ್ಟಿದ್ದೆವು.

ಮೊದಲ ವಾರದಲ್ಲೇ ಶುರುವಾಯಿತು ನೋಡಿ ಗ್ರಹಚಾರ. ಒಂದು ದಿನ ಹೊಗೆಯಾಡುವ ನೀರು, ಇನ್ನೊಂದು ದಿನ ಎರಡು ಬಕೆಟ್ ಆಗುವಷ್ಟರಲ್ಲಿ ಉಗುರುಬೆಚ್ಚಗೆ, ಮೂರನೆಯದು ತಣ್ಣಗೆ. ಯಜಮಾನರು "ಮೋಡ ಕಣೇ" ಅಂದರು. ಅವತ್ತು ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ಪ್ಲಂಬರ್ ಅನಂತರಾಜುವನ್ನು ಕರೆಸಿದೆವು. ಅವನು ಬರುವುದೇ ಮಧ್ಯಾಹ್ನ ಎರಡಕ್ಕೆ. ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು! "ಎಲ್ಲಾ ಸರಿಯಾಗಿದೆ ಕಣಮ್ಮ" ಅಂತ ಹೋದ. ಎರಡನೇ ಸಲ ಬಂದು ಮಾಳಿಗೆಯ ಮೇಲಿನ ಒಂದು ವಾಲ್ವು ಬದಲಾಯಿಸಿದ. ಮೂರನೇ ಸಲ ಬಂದಾಗ ತಲೆ ಕೆರೆದುಕೊಂಡು, "ಆಯಮ್ಮ ನೀರು ಜಾಸ್ತಿ ಸುರೀತಾರೆ ಅನ್ಸುತ್ತೆ. ಟ್ಯಾಂಕು ಖಾಲಿ ಆಗ್ತಾ ಇದೆ" ಅಂದ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೌದಲ್ಲ, ಇವಳು ಬರುವ ಮೊದಲು ಈ ಕಾಟವೇ ಇರಲಿಲ್ಲವಲ್ಲ!

ಮುಂದಿನ ಶುಕ್ರವಾರ ಅನಾಹುತವಾಯಿತು. ಮಗುವಿಗೆ ಕಡಲೆಹಿಟ್ಟು ಹಚ್ಚಿ ಆಗಿತ್ತು. ಎರಡನೇ ಬಕೆಟ್ಟು ತುಂಬುವಾಗ ನೀರು ತಣ್ಣಗಾಯಿತು. ಚಿಕ್ಕಗಂಗಮ್ಮ ಮೊಣಕೈ ಅದ್ದಿದಳು, ಚೊಂಬು ಕೆಳಗಿಟ್ಟಳು. "ಒಲೆ ಮೇಲೆ ನೀರಿಡಿ, ಬೇಗ" ಅಂದಳು. ನೀರು ಕಾಯುವವರೆಗೆ ಮಗು ಅವಳ ಸೆರಗಿನೊಳಗೆ, ಒದ್ದೆ ಮೈಯಲ್ಲಿ, ಕಿರುಚಿಕೊಂಡು ಅಳುತ್ತಿತ್ತು. ಸಂಜೆಗೆ ಮೂಗು ಕಟ್ಟಿತು. ಡಾಕ್ಟರು ಏನೂ ಭಯವಿಲ್ಲ ಅಂದರೂ ನನ್ನ ಹೊಟ್ಟೆ ಉರಿದುಹೋಯಿತು.

ಆ ಉರಿಯಲ್ಲಿ ನಾನು ಮಾಡಿದ ಕೆಲಸ ಇದು: ಪಕ್ಕದ ರಸ್ತೆಯ ಮಂಜುಳಮ್ಮನಿಗೆ ಫೋನ್ ಮಾಡಿದೆ. ಅವಳ ಸೊಸೆಗೆ ದಿನ ತುಂಬಿತ್ತು, ಅವಳಿಗೂ ಚಿಕ್ಕಗಂಗಮ್ಮನೇ ಅಂತ ಮಾತಾಗಿತ್ತು. "ಅವಳಿಗೆ ವಯಸ್ಸಾಯ್ತು ಕಣೇ. ನೀರಿನ ಲೆಕ್ಕ ತಪ್ಪಿದೆ. ಇವತ್ತು ಮಗೂನ ನೆನೆಸಿ ಕೂರಿಸ್ಬಿಟ್ಳು" ಅಂದೆ. ಹೇಳುವಾಗ ಸುಳ್ಳು ಅನ್ನಿಸಲೇ ಇಲ್ಲ.

ಶನಿವಾರವೇ ಮಂಜುಳಮ್ಮ ಅವಳಿಗೆ ಬರಬೇಡ ಅಂದಳು. ಯಾಕೆ ಅಂತಲೂ ಹೇಳಿದಳು, ಯಾರು ಹೇಳಿದ್ದು ಅಂತಲೂ ಹೇಳಿದಳು. ನೀರೆರೆಯುವವಳಿಗೆ ಬೋರ್ಡು, ಅಂಗಡಿ ಏನೂ ಇಲ್ಲ. ಒಬ್ಬ ಬಾಣಂತಿಯ ತಾಯಿ ಇನ್ನೊಬ್ಬಳಿಗೆ ಹೇಳುವ ಒಳ್ಳೆಯ ಮಾತೇ ಅವಳ ಬದುಕು. ಮಗುವಿಗೆ ತಣ್ಣೀರು ಹಾಕಿದಳು ಅನ್ನುವ ಮಾತು ಒಂದು ಬೀದಿ ದಾಟಿದರೆ ಮುಗಿಯಿತು.

ಭಾನುವಾರ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಬಳೆ ಬಿಚ್ಚಿಟ್ಟಳು, ಏಳು ಬಕೆಟ್ ಎರೆದಳು. ಏಳೂ ಬಿಸಿ. ಕೈ ಒರೆಸಿಕೊಂಡು ನನ್ನ ಮುಂದೆ ನಿಂತಳು.

"ಇವತ್ತು ಏಳು ಬಕೆಟ್ ಆಯ್ತು, ನೀರಿನ್ನೂ ಸುಡ್ತೈತೆ. ಶುಕ್ರವಾರ ಎರಡ್ನೇ ಬಕೆಟ್‌ಗೇ ತಣ್ಣಗಾಯ್ತು. ನಾನು ಜಾಸ್ತಿ ಸುರಿದಿದ್ರೆ ಇವತ್ತು ಯಾಕಮ್ಮ ಖಾಲಿ ಆಗ್ಲಿಲ್ಲ?"

ಉತ್ತರವಿಲ್ಲದಾಗ ನಾನು ದನಿ ಎತ್ತುತ್ತೇನೆ. "ಅದೆಲ್ಲ ನಂಗೇನ್ ಗೊತ್ತು?" ಅಂದೆ.

"ನಂಗೆ ಗೊತ್ತು. ತಣ್ಣಗೆ ಬಂದಿದ್ದೆಲ್ಲ ಸೋಮವಾರ, ಇಲ್ಲಾ ಶುಕ್ರವಾರ. ನಾಳೆ ಸೋಮವಾರ. ನಾಳೆನೂ ತಣ್ಣಗೆ ಬರ್ತದೆ, ನೋಡ್ತಾ ಇರಿ. ಆ ಪ್ಲಂಬರಣ್ಣನ್ನ ಬೆಳಿಗ್ಗೆ ಒಂಬತ್ತಕ್ಕೆ ಬರೋಕೇಳಿ. ಮಧ್ಯಾಹ್ನ ಬಂದು ಏನ್ ನೋಡ್ತಾನೆ ಅವನು?"

ನೀರಿಗೆ ವಾರ ಗೊತ್ತಾಗುತ್ತದೆಯೇ ಅಂತ ನಾನೂ ಯಜಮಾನರೂ ನಕ್ಕೆವು. ಮಧುಶ್ರೀ ಮಾತ್ರ ನಗಲಿಲ್ಲ. ತಣ್ಣೀರು ಬಂದ ದಿನಗಳನ್ನು ನೆನೆಸಿಕೊಂಡು ಫೋನಿನ ಕ್ಯಾಲೆಂಡರನ್ನು ಹಿಂದೆ ಹಿಂದೆ ಸರಿಸಿ ನೋಡಿ, "ಅಮ್ಮಾ, ಅವ್ರು ಹೇಳಿದ್ದು ನಿಜ ಕಣಮ್ಮ" ಅಂದಳು.

ಸೋಮವಾರ ಚಿಕ್ಕಗಂಗಮ್ಮ ದಿನದ ರೈಲಿಗೆ ಕಾಯದೆ, ಇನ್ನೂ ಮುಂಚಿನ ಬಸ್ಸಿಗೇ ಬಂದಳು. ಬಂದವಳೇ ಬಚ್ಚಲಿನ ಬಿಸಿನೀರಿನ ನಲ್ಲಿ ತಿರುಗಿಸಿದಳು. ಹಬೆಯಾಡುವ ನೀರು. ನನ್ನನ್ನು ಕರೆದು ಮುಟ್ಟಿಸಿ, ನಲ್ಲಿ ನಿಲ್ಲಿಸಿ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಳು. ಕಾಫಿ ಕೊಟ್ಟೆ, ಕುಡಿದಳು.

ನಾನು ನನ್ನ ಪಾಡಿಗೆ ಕೆಲಸ ಶುರು ಮಾಡಿದೆ. ಸೋಮವಾರ ಮತ್ತು ಶುಕ್ರವಾರ ನಮ್ಮ ಮನೆಯಲ್ಲಿ ಹೊಸಿಲು ತೊಳೆದು, ದೀಪದ ಕಂಬ, ತಾಮ್ರದ ಪೂಜೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವುದು ಅತ್ತೆಯ ಕಾಲದಿಂದ ಬಂದದ್ದು. ಬಕೆಟ್ ಎತ್ತಲು ಮೊಣಕಾಲು ಬಿಡುತ್ತಿಲ್ಲ ಅಂತ ಯಜಮಾನರು ಮಗಳು ಬರುವ ಸ್ವಲ್ಪ ಮುಂಚೆ ಹಿತ್ತಲಿಗೆ ಒಂದು ಸ್ಪ್ರೇ ಪೈಪು ಹಾಕಿಸಿದ್ದರು. ಗೋಡೆಯಲ್ಲಿ ಎರಡು ತಿರುಪು, ಒಂದು ಬಿಸಿನೀರಿಗೆ, ಒಂದು ತಣ್ಣೀರಿಗೆ. ಎರಡನ್ನೂ ತಿರುಗಿಸಿದರೆ ಬೆಚ್ಚನೆ ನೀರು, ನನ್ನ ಬೆರಳ ನೋವಿಗೆ ಹಿತ. ತುದಿಯ ಗುಂಡಿ ಒತ್ತಿದರೆ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪಾತ್ರೆ ಮುಗಿಸಿ, ಗುಂಡಿ ಬಿಟ್ಟು, ಪೈಪನ್ನು ಮೊಳೆಗೆ ನೇತುಹಾಕಿ ಒಳಗೆ ಹೋದೆ.

ಒಂಬತ್ತಕ್ಕೆ ಅನಂತರಾಜು ಬಂದ. ಚಿಕ್ಕಗಂಗಮ್ಮ ಬಚ್ಚಲಿನ ನಲ್ಲಿ ತಿರುಗಿಸಿದಳು. ಒಂದು ಬಕೆಟ್ ಬಿಸಿ. ಎರಡನೆಯದು ಉಗುರುಬೆಚ್ಚಗೆ. ಆಮೇಲೆ ತಣ್ಣಗೆ. "ಅಯ್ಯೋ ಶಿವನೇ!" ಅಂತ ನಾನು ಕೂಗಿಕೊಂಡೆ.

ಅವಳು ನಲ್ಲಿಯನ್ನು ನಿಲ್ಲಿಸಲಿಲ್ಲ. ಹರಿಯಲು ಬಿಟ್ಟು ಹೊರಗೆ ಬಂದಳು. ನಮ್ಮ ಮನೆಯ ಪೈಪುಗಳೆಲ್ಲ ಹೊರಗೋಡೆಯ ಮೇಲೇ ಇವೆ. ಸೋಲಾರಿನಿಂದ ಬಿಸಿನೀರಿನ ಪೈಪು ಇಳಿದು, ಒಂದು ಕವಲು ಬಚ್ಚಲಿಗೆ, ಒಂದು ಕವಲು ಹಿತ್ತಲಿಗೆ. ಅವಳು ಮಗುವಿನ ಜ್ವರ ನೋಡುವ ಹಾಗೆ ಅಂಗೈಯನ್ನು ಪೈಪಿನ ಮೇಲಿಟ್ಟು ಇಷ್ಟಿಷ್ಟೇ ಸರಿದಳು. ಕವಲಿನ ಹತ್ತಿರ ನಿಂತಳು. ಮೇಲಿನದನ್ನು ಮುಟ್ಟಿದಳು, ಹಿತ್ತಲಿನದನ್ನು ಮುಟ್ಟಿದಳು, ರವಿಕೆಯ ತೋಳು ಸರಿಸಿ ಮೊಣಕೈಯನ್ನೂ ಇಟ್ಟು ನೋಡಿದಳು.

"ಅಣ್ಣಾ, ಬಾ ಇಲ್ಲಿ. ಮೇಲಿಂದ ಇಳಿಯೋದು ಬಿಸಿ ಐತೆ. ಹಿತ್ತಲಿಂದು ತಣ್ಣಗೈತೆ, ಒಳಗೆ ನೀರು ಓಡೋದು ಕೈಗೆ ಗೊತ್ತಾಯ್ತೈತೆ. ಹಿತ್ತಲಿಗೆ ನೀರು ಹೋಗ್ಬೇಕು ತಾನೇ? ಅಲ್ಲಿಂದ ಇತ್ಲಾಗೆ ಯಾಕೆ ಬತ್ತೈತೆ?"

ಅನಂತರಾಜು ಮುಟ್ಟಿ ನೋಡಿದ. ಚಿಕ್ಕಗಂಗಮ್ಮ ಅಂಗೈ ತೆಗೆಯದೆ ಸರಿಯುತ್ತಾ ಸರಿಯುತ್ತಾ ಆ ಸ್ಪ್ರೇ ಪೈಪಿನ ಹತ್ತಿರ ಬಂದಳು. ಎರಡು ತಿರುಪನ್ನೂ ನೋಡಿದಳು. ಎರಡೂ ತೆರೆದೇ ಇದ್ದವು. ಒಂದನ್ನು ತಿರುಗಿಸಿ ಮುಚ್ಚಿದಳು, ಇನ್ನೊಂದನ್ನೂ ಮುಚ್ಚಿದಳು. ಬಚ್ಚಲಿನಿಂದ ಮಧುಶ್ರೀ ಕೂಗಿದಳು, "ಅಮ್ಮಾ, ಬಿಸಿ ಬಂತು!"

ಅನಂತರಾಜು ನನಗೆ ಬಿಡಿಸಿ ಹೇಳಿದ. ಗುಂಡಿ ಬಿಟ್ಟರೆ ನೀರು ನಿಲ್ಲುವುದು ಪೈಪಿನ ತುದಿಯಲ್ಲಿ ಮಾತ್ರ. ತಿರುಪು ಎರಡೂ ತೆರೆದಿದ್ದರೆ ಒಳಗೆ ತಣ್ಣೀರು ಬಿಸಿನೀರಿನ ದಾರಿಗೆ ನುಗ್ಗುತ್ತದೆ. ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ, ಪೈಪಿನಲ್ಲಿದ್ದ ಬಿಸಿನೀರು ಮುಗಿದ ಕೂಡಲೇ ಈ ತಣ್ಣೀರೇ ಓಡಿ ಬರುತ್ತದೆ. ಒಂದು ಹನಿಯೂ ಹೊರಗೆ ಸೋರುವುದಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮತ್ತೆ ಮಧ್ಯಾಹ್ನ ಹೇಗೆ ಸರಿಹೋಗುತ್ತಿತ್ತು? ಅದಕ್ಕೆ ಕಾರಣ ನಮ್ಮ ಯಜಮಾನರು. ಪೇಪರ್ ಓದಿ ಮುಗಿಸಿ ಹನ್ನೊಂದು ಗಂಟೆಗೆ ಮನೆಯೆಲ್ಲ ಸುತ್ತಿ ಕಂಡ ಕಂಡ ನಲ್ಲಿ, ಸ್ವಿಚ್ಚು ಬಿಗಿ ಮಾಡುವ ಚಟ ಅವರಿಗೆ. ಸೋಮವಾರ, ಶುಕ್ರವಾರ ನಾನು ಬಿಟ್ಟಿದ್ದನ್ನು ಅವರು ಮುಚ್ಚುತ್ತಿದ್ದರು, ಇಬ್ಬರಿಗೂ ಗೊತ್ತಿರಲಿಲ್ಲ.

"ಅಜ್ಜೀ, ನಾಳೆಯಿಂದ ನನ್ ಜೊತೆ ಕೆಲ್ಸಕ್ಕೆ ಬಂದ್ಬಿಡಿ" ಅಂದ ಅನಂತರಾಜು.

"ನಿನ್ ಜೊತೆ ಬಂದ್ರೆ ಮಧ್ಯಾಹ್ನದವರ್ಗೂ ಮಲಗ್ಬೇಕಾಯ್ತದೆ, ಹೋಗಲಾ" ಅಂದಳು ಅವಳು.

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ತಪ್ಪು ಸೋಲಾರಿನದಲ್ಲ, ಮೋಡದ್ದಲ್ಲ, ಅವಳದ್ದಂತೂ ಅಲ್ಲವೇ ಅಲ್ಲ. ಮೊಮ್ಮಗುವನ್ನು ಒದ್ದೆ ಮೈಯಲ್ಲಿ ಕೂರಿಸಿದ್ದು ನನ್ನ ಈ ಎರಡು ಕೈ. ನಾಚಿಕೆಯಿಂದ ನೆಲ ನೋಡುತ್ತಾ ನಿಂತೆ. "ನನ್ದೇ ತಪ್ಪು ಚಿಕ್ಕಗಂಗಮ್ಮ. ಮನಸ್ಸಿಗೆ ಹಚ್ಕೋಬೇಡ" ಅಂದೆ.

"ನನ್ ಹತ್ರ ಹೇಳಿ ಏನ್ ಬಂತಮ್ಮ? ನಂಗೆ ಮೊದ್ಲೇ ಗೊತ್ತಿತ್ತು ನನ್ದಲ್ಲ ಅಂತ. ಮಂಜುಳಮ್ಮೋರಿಗೆ ಫೋನ್ ಮಾಡಿ ಹೇಳಿದ್ರಲ್ಲ, ಈಗ್ಲೂ ಅಲ್ಲಿಗೇ ಒಂದು ಫೋನ್ ಮಾಡಿ. ನಾನು ಕೇಳ್ಬೇಕು."

ಸ್ಪೀಕರಿಗೆ ಹಾಕಿ ಮಾಡಿದೆ. ಯಜಮಾನರ ಮುಂದೆ, ಮಗಳ ಮುಂದೆ, ಪ್ಲಂಬರನ ಮುಂದೆ. ಎಲ್ಲ ಕೇಳಿ ಮಂಜುಳಮ್ಮ, "ಹಂಗಾದ್ರೆ ಮಗೂನ ನೆನೆಸಿ ಕೂರಿಸಿದ್ದು ಯಾರೇ?" ಅಂದಳು.

"ನಾನೇ ಕಣೇ. ಸುಮ್ಸುಮ್ನೆ ಅವಳ ಹೆಸ್ರು ಹೇಳ್ಬಿಟ್ಟೆ."

"ಅಯ್ಯೋ, ನಾನು ನಿನ್ನೆನೇ ಗುಬ್ಬಿಯ ಬೇರೆ ಒಬ್ರಿಗೆ ಬರೋಕೆ ಹೇಳ್ಬಿಟ್ನಲ್ಲೇ! ಈಗ ಅವ್ರಿಗೆ ಬೇಡ ಅನ್ಲಾ?"

ನಾನು 'ಅನ್ನು' ಅನ್ನುವ ಮೊದಲೇ ಚಿಕ್ಕಗಂಗಮ್ಮ ಫೋನಿನ ಹತ್ತಿರ ಬಗ್ಗಿದಳು. "ಬ್ಯಾಡ ಅನ್ಬೇಡಿ ಬುಡಿ ಅಮ್ಮ. ಹೇಳಿದೀರಲ್ಲ, ಆಯಮ್ಮನೇ ಬರ್ಲಿ. ಆಯಮ್ಮನ ಹೊಟ್ಟೆ ಮೇಲೆ ನಾನ್ಯಾಕೆ ಹೊಡೀಲಿ? ನಾನು ಮಗೀಗೆ ತಣ್ಣೀರು ಹಾಕ್ಲಿಲ್ಲ ಅಂತ ನಿಮ್ಗೆ ಗೊತ್ತಾಯ್ತಲ್ಲ. ನಂಗೆ ಅಷ್ಟೇ ಬೇಕಾಗಿದ್ದು."

ಒಂದು ಮನೆ ಕೈತಪ್ಪಿ ಹೋದದ್ದು ನನ್ನಿಂದ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಇಂಥ ದೊಡ್ಡ ಮನಸ್ಸು ನನಗೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ ಅಂತ ಅವತ್ತೇ ಗೊತ್ತಾಯಿತು.

"ಮಗೂನ ಕೊಡಿ, ಹೊತ್ತಾಯ್ತು" ಅಂತ ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟು ಮಣೆಯ ಮೇಲೆ ಕೂತಳು. ಅವತ್ತು ಬಕೆಟ್ ತುಂಬಿಸಿ ಕೊಟ್ಟವಳು ನಾನು. ಒಂದೊಂದಕ್ಕೂ ಅವಳು ಮೊಣಕೈ ಅದ್ದಿ ಹೂಂ ಅನ್ನುವವರೆಗೆ ಉಸಿರು ಹಿಡಿದು ನಿಂತೆ. ಏಳನೆಯದಕ್ಕೂ ಹೂಂ ಅಂದಳು. ನನ್ನ ಕಣ್ಣಲ್ಲಿ ನೀರು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುತ್ತಾ, "ಸಾಂಬ್ರಾಣಿ ಹೊಗೆ ಕಣೇ" ಅಂದೆ.

"ಸಾಂಬ್ರಾಣಿ ಇನ್ನೂ ಹಾಕಿಲ್ಲ ಕಣಮ್ಮ" ಅಂದಳು ಚಿಕ್ಕಗಂಗಮ್ಮ.