ಹುಲಿಗೆಮ್ಮನ ಸೀಮೆ ಅರಿಶಿನ

ಕಡೂರು ಸಂತೆಯಲ್ಲಿ ಕೋಳಿ ಮಾರುವವರಿಗೇನೂ ಬರವಿರಲಿಲ್ಲ. ಆದರೆ ಹುಲಿಗೆಮ್ಮನ ಮುಂದೆ ನಿಂತು ಚೌಕಾಸಿ ಮಾಡುವ ಎದೆಗಾರಿಕೆ ಇದ್ದವರು ಕಮ್ಮಿ. ಕೋಳಿಯ ರೆಕ್ಕೆ ಎತ್ತಿ, ಕಾಲು ಹಿಡಿದು ಬಹಳ ಹೊತ್ತು ಪರೀಕ್ಷೆ ಮಾಡುವವರನ್ನು, ಹೆಣ್ಣು ನೋಡೋಕೆ ಬಂದಿದ್ದೀಯೇನಪ್ಪಾ ಎಂದು ಕೇಳಿಬಿಡುತ್ತಿದ್ದಳು. ನಾಲಿಗೆ ಹರಿತ, ಕೈ ಚೊಕ್ಕಟ ಎಂದು ಜನ ಅವಳನ್ನು ಮೆಚ್ಚಿಕೊಂಡಿದ್ದರು. ಅಜ್ಜಂಪುರವಾಗಲಿ ತರೀಕೆರೆಯಾಗಲಿ, ಮನೆಗೆ ಬೀಗರು ಬಂದರೆಂದರೆ ಹುಲಿಗೆಮ್ಮನ ಕೋಳಿಯೇ ಆಗಬೇಕಿತ್ತು.

ಅರವತ್ತರ ದಶಕದ ಮೊದಮೊದಲಲ್ಲಿ ಅವಳ ಗಂಡ ಚಿಕ್ಕಬೀರಪ್ಪ ಎಲ್ಲಿಂದಲೋ ಬಿಳಿ ಕೋಳಿಮರಿಗಳನ್ನು ತಂದು ಹಿತ್ತಲಲ್ಲಿ ಸಾಕಿದ. ಊರಿನವರು ಅವಕ್ಕೆ ಸೀಮೆ ಕೋಳಿ ಎಂದರು. ಮಹಾ ನಾಜೂಕಿನ ಜಾತಿ, ತಣ್ಣನೆ ಗಾಳಿ ಸೋಕಿದರೆ ಸಾಕು, ಕಣ್ಣು ಮುಚ್ಚಿ ತೂಕಡಿಸುತ್ತಿದ್ದವು. ಮರಿ ಮಾರಿದವನು ಜೊತೆಗೊಂದು ಡಬ್ಬಿ ಹಳದಿ ಪುಡಿಯನ್ನೂ ಕೊಟ್ಟು, ಕಾಯಿಲೆ ಬಿದ್ದಾಗ ನೀರಿಗೆ ಒಂದು ಚಿಟಿಕೆ ಹಾಕಿ ಎಂದಿದ್ದ. ಆ ಔಷಧಿಯ ಇಂಗ್ಲಿಷ್ ಹೆಸರು ಹುಲಿಗೆಮ್ಮನ ಬಾಯಲ್ಲಿ ತಿರುಗಲಿಲ್ಲ. ಬಣ್ಣ ಹಳದಿ, ಬಂದದ್ದು ಸೀಮೆಯಿಂದ. ಅದಕ್ಕೆ ಸೀಮೆ ಅರಿಶಿನ ಎಂದು ಅವಳೇ ನಾಮಕರಣ ಮಾಡಿದಳು.

ಎಡವಟ್ಟಾದದ್ದು ಆ ಹೆಸರಿನಿಂದಲೇ. ಔಷಧಿ ಎಂದುಕೊಂಡಿದ್ದರೆ ಅಳೆದೂ ಸುರಿದೂ ಹಾಕುತ್ತಿದ್ದಳು. ಅರಿಶಿನ ಅಂದ ಮೇಲೆ ಯಾರಾದರೂ ಕೈ ಬಿಗಿಹಿಡಿಯುತ್ತಾರೆಯೇ? ಗಾಯಕ್ಕೂ ಅರಿಶಿನ, ಹೊಸ್ತಿಲಿಗೂ ಅರಿಶಿನ, ಕೆನ್ನೆಗೂ ಅರಿಶಿನ. ಕಾಯಿಲೆ ಇರಲಿ ಬಿಡಲಿ, ಕೋಳಿ ಕುಡಿಯುವ ನೀರಿಗೆ ದಿನವೂ ಅದು ಬಿತ್ತು, ಡಬ್ಬಿ ಬರಿದಾದರೆ ಮರಿ ಮಾರಿದವನಿಂದಲೇ ಇನ್ನೊಂದು ಬಂತು. ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಸವರಿ ತೊಳೆಯುವುದು ನಮ್ಮ ಕಡೆ ಕೋಳಿ ಮಾಡುವ ಕ್ರಮ ತಾನೇ? ಅಲ್ಲಿಗೂ ಸೀಮೆ ಅರಿಶಿನವೇ ಬಂತು. ಕೋಳಿಗಳು ದುಂಡಗಾದವು, ಕೊಯ್ದ ಮಾಂಸ ಸಂಜೆಯಾದರೂ ನಾರುತ್ತಿರಲಿಲ್ಲ. ಹುಲಿಗೆಮ್ಮನ ಕೈಗುಣ ಎಂದು ಜನ ಕೊಂಡಾಡಿದರು, ಅವಳೂ ಹಾಗೇ ನಂಬಿದಳು.

ಹೀಗಿರುವಾಗ ಸಖರಾಯಪಟ್ಟಣಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳು ತಿಮ್ಮಕ್ಕ ತವರಿಗೆ ಬಂದಳು. ಬಂದವಳು ಸುಮ್ಮನೆ ಕೂರುವ ಪೈಕಿಯಲ್ಲ. ಅವ್ವನ ಜೊತೆ ಕೂತು ಕೋಳಿ ಕೊಯ್ದಳು, ಬಾಯಾರಿತೆಂದು ಅದೇ ಕೊರಡಿನ ಮೇಲೆ ಅದೇ ಮಚ್ಚಿನಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪು ಹಚ್ಚಿ ತಿಂದಳು. ಎರಡು ದಿನದಲ್ಲಿ ಜ್ವರ ಬಂತು, ಭೇದಿ ಹಿಡಿಯಿತು, ಭೇದಿಯಲ್ಲಿ ರಕ್ತ ಕಾಣಿಸಿತು. ಗಾಡಿ ಕಟ್ಟಿಕೊಂಡು ಕಡೂರಿನ ದತ್ತಾತ್ರಿ ಡಾಕ್ಟರ ಶಾಪಿಗೆ ಕರೆತಂದರು.

ಡಾಕ್ಟರು ಒಳಗಿನ ಕೋಣೆಯಲ್ಲಿ ಮಲಗಿಸಿ ಕ್ಯಾಪ್ಸೂಲು ಕೊಟ್ಟರು. ಇದಕ್ಕೆ ಬಗ್ಗದ ಭೇದಿಯಿಲ್ಲ ಎಂದು ಧೈರ್ಯವನ್ನೂ ಹೇಳಿದರು. ಭೇದಿ ಬಗ್ಗಲಿಲ್ಲ. ಗಟ್ಟಿಮುಟ್ಟಾಗಿದ್ದ ಹುಡುಗಿಯ ಕಣ್ಣು ಗುಳಿಬಿದ್ದವು, ಕರೆದರೆ ಓಗೊಡುವುದೂ ನಿಂತಿತು. ಇಡೀ ಸಂತೆಯ ಬಾಯನ್ನೇ ಮುಚ್ಚಿಸುತ್ತಿದ್ದ ಹುಲಿಗೆಮ್ಮ ಮಗಳ ಪಾದ ಉಜ್ಜುತ್ತ ಕೂತಳು. ಮಗಳು ಕೈತಪ್ಪಿ ಹೋಗುತ್ತಾಳೆ ಎಂಬ ಭಯ ಬಿಟ್ಟರೆ ಅವಳೊಳಗೆ ಬೇರೇನೂ ಉಳಿದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ತಿಮ್ಮಕ್ಕನಿಗೆ ಕ್ಯಾಪ್ಸೂಲು ನುಂಗುವ ತ್ರಾಣವೂ ಇರಲಿಲ್ಲ. ಜೇನಿನಲ್ಲಿ ಕಲಸಿ ನೆಕ್ಕಿಸೋಣವೆಂದು ಹುಲಿಗೆಮ್ಮ ಅದನ್ನು ಬಿಚ್ಚಿದಳು. ಅಂಗೈಗೆ ಹಳದಿ ಪುಡಿ ಬಿತ್ತು. ನಾಲಿಗೆಗೆ ಮುಟ್ಟಿಸಿ ನೋಡಿದಳು. ಕೋಳಿಗೆ ಸವರುವಾಗ ತುಟಿಗೆ ತಾಗಿ ಎಷ್ಟೋ ಸಲ ಉಗುಳಿದ್ದ ಅದೇ ಕಹಿ.

ಹೊರಗೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಅರ್ಧ ಜನ ಅವಳ ಗಿರಾಕಿಗಳೇ. ಕೋಳಿಗೆ ಹಾಕುತ್ತಿದ್ದದ್ದು ಈ ಔಷಧಿಯನ್ನೇ ಎಂದು ಇಲ್ಲಿ ಬಾಯಿ ಬಿಟ್ಟರೆ ಅವುಗಳ ಹೆಸರು ಕೆಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೆಟ್ಟರೆ ಕೆಡಲಿ ಎಂದುಕೊಂಡು ಪುಡಿಯ ಅಂಗೈಯನ್ನು ಡಾಕ್ಟರ ಮುಂದೆ ಚಾಚಿದಳು.

"ಸ್ವಾಮಿ, ಇದು ನಮ್ ಸೀಮೆ ಅರಿಶಿನ ಕಣ್ರೀ. ನಮ್ ಕೋಳಿ ದಿನಾ ಕುಡಿಯೋದು ಇದ್ನೇ. ಮಾಂಸಕ್ಕೂ ಇದ್ನೇ ಸವರ್ತೀನಿ."

ಡಾಕ್ಟರು ಬೈಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪುಡಿಯನ್ನು ಹತ್ತಿರದಿಂದ ನೋಡಿದರು. ಹೊರದೇಶದ ಕೋಳಿಗಳಲ್ಲಿ ಹೀಗಾಗುತ್ತಿದೆ ಎಂದು ಎಲ್ಲೋ ಓದಿದ್ದರಂತೆ, ಅದು ನಮ್ಮ ಕಡೂರಿಗೂ ಬಂದಿರಬಹುದೆಂದು ಹೊಳೆದಿರಲಿಲ್ಲವಂತೆ.

"ನೋಡಮ್ಮ, ದಿನಾ ಈ ಔಷಧಿ ಬಿದ್ರೆ ಸಾಯೋ ಕ್ರಿಮಿ ಎಲ್ಲಾ ಸಾಯುತ್ತೆ. ಇದಕ್ಕೆ ಜಗ್ಗದೇ ಇರೋವು ಮಾತ್ರ ಉಳ್ಕೊಂಡು ಸಂಸಾರ ಬೆಳೆಸ್ತವೆ. ನಿನ್ನ ಮಗಳ ಹೊಟ್ಟೇಲಿರೋದು ಆ ಸಂತಾನವೇ ಇರಬೇಕು. ಇನ್ನು ಈ ಔಷಧಿ ಬೇಡ, ಬೇರೆ ಕೊಡೋಣ."

ಆ ಬೇರೆ ಔಷಧಿ ಕಡೂರಿನಲ್ಲಿ ಸಿಗಲಿಲ್ಲ. ಚಿಕ್ಕಬೀರಪ್ಪ ಸಿಕ್ಕ ಬಸ್ಸು ಹತ್ತಿ ಚಿಕ್ಕಮಗಳೂರಿಗೆ ಹೋಗಿ ತಂದ. ಅದು ಹೊಟ್ಟೆಗೆ ಬಿದ್ದ ಮೇಲೆ ಜ್ವರ ಇಳಿಯತೊಡಗಿತು. ತಿಮ್ಮಕ್ಕ ಕಣ್ಣು ಬಿಟ್ಟು ಗಂಜಿ ಕೇಳಿದಾಗ ಹುಲಿಗೆಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ಡಾಕ್ಟರು ಅವಳ ಕೋಳಿಯ ಒಂದು ತುಂಡನ್ನು ಬೆಂಗಳೂರಿನ ಪರಿಚಯದವರ ಲ್ಯಾಬೊರೇಟರಿಗೆ ಕಳಿಸಿಕೊಟ್ಟರು. ಮಾಂಸದ ಮೇಲಿನ ಕ್ರಿಮಿ ಹಳದಿ ಔಷಧಿಯ ನಡುವೆಯೇ ಸೊಂಪಾಗಿ ಬೆಳೆದಿದೆ ಎಂದು ಅಲ್ಲಿಂದ ಉತ್ತರ ಬಂತು.

ಚೆನ್ನಾಗಿ ಬೇಯಿಸಿದ ಸಾರಿನಿಂದ ಭಯವಿಲ್ಲ, ಹಸಿ ಮಾಂಸ ಮುಟ್ಟಿದ ಕೈ, ಮಚ್ಚು, ಕೊರಡು ಇವೇ ಅಪಾಯ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹುಲಿಗೆಮ್ಮ ಕೊರಡನ್ನು ಒಲೆಗೆ ಹಾಕಿದಳು, ಡಬ್ಬಿಯನ್ನು ಡಾಕ್ಟರಿಗೇ ಒಪ್ಪಿಸಿದಳು. ಆ ಕೋಳಿಗಳಲ್ಲಿ ಒಂದನ್ನೂ ಮಾರಲಿಲ್ಲ, ಎಲ್ಲವನ್ನೂ ಕೊಂದು ಗುಂಡಿ ತೋಡಿ ಹೂಳಿಸಿದಳು. ಗೂಡಿಗೆ ಸುಣ್ಣ ಬಳಿಸಿ, ಹೊಸದಾಗಿ ನಾಟಿ ಕೋಳಿ ಸಾಕಿದಳು. ಗಿರಾಕಿಯ ಕಣ್ಣೆದುರೇ ಕೊಯ್ಯುವುದು, ಕೊಯ್ದಾಗಲೆಲ್ಲ ಕೊರಡಿಗೆ ಕುದಿಯುವ ನೀರು ಹೊಯ್ಯುವುದು, ಕೈಗೆ ಸೋಪು ಹಾಕುವುದು ಅವಳ ಹೊಸ ಕ್ರಮವಾಯಿತು.

ಮತ್ತೆ ಸಂತೆಗೆ ಹೋಗಿ ಕೂತವಳು ನಡೆದದ್ದೆಲ್ಲವನ್ನೂ ತನ್ನ ದೊಡ್ಡ ಗಂಟಲಿನಲ್ಲಿ ತಾನೇ ಸಾರಿದಳು. ಬುಕ್ಕಾಂಬುಧಿಯಿಂದ ಬಂದಿದ್ದ ಹಳೆಯ ಗಿರಾಕಿ ಲಕ್ಕಣ್ಣ ಕೂಡ ಕೇಳಿಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಬಿಸಿಲು ಏರಿದರೂ ಒಂದು ಕೋಳಿಯೂ ಬಿಕರಿಯಾಗಲಿಲ್ಲ.

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ತಿಮ್ಮಕ್ಕ ಬಂದಳು. ಕೆನ್ನೆ ತುಂಬಿತ್ತು, ಮುಡಿಯಲ್ಲಿ ಹೂವಿತ್ತು. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಬೇರೆಯವರಿಗೆಲ್ಲ ಕೇಳುವಂತೆ ಹೇಳಿದಳು.

"ಅವ್ವ, ಒಂದೊಳ್ಳೆ ಹುಂಜ ಕೊಯ್ಕೊಡು. ನಿನ್ ಕೋಳಿ ಮುಟ್ಟೇ ನಾನು ಕಾಯ್ಲೆ ಬಿದ್ದಿದ್ದು. ನಿನ್ ಕೋಳಿ ಸಾರು ಉಂಡೇ ಗಟ್ಟಿಯಾಗ್ತೀನಿ."

ಲಕ್ಕಣ್ಣ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಅವಳದಾದ ಮೇಲೆ ನಂಗೊಂದು ಎಂದ. ಅವನ ಹಿಂದೆ ಇನ್ನೊಬ್ಬ ನಿಂತ, ಆಮೇಲೆ ಸಾಲೇ ಬೆಳೆಯಿತು. ಹುಲಿಗೆಮ್ಮ ಕಣ್ಣೊರೆಸಿಕೊಂಡು, ಬುಟ್ಟಿಯಲ್ಲಿದ್ದವುಗಳಲ್ಲೆಲ್ಲ ಒಳ್ಳೆಯ ಹುಂಜವನ್ನು ಆರಿಸಿ ಮೊದಲು ಮಗಳಿಗೆ ಕೊಯ್ದು ಕೊಟ್ಟಳು.