ಮೇಲಿನ ಕೋಣೆಯಲ್ಲಿ ಇರೋದು ಯಾರು?

ಕಾಜಾ ಅಕ್ಕನಿಗೆ ಹನ್ನೊಂದು ತಿಂಗಳ ಸಂಬಳ ಇನ್ನೂ ಬರಬೇಕು. ಇಪ್ಪತ್ತಾರು ವರ್ಷ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಜಾ ಹೊಲಿದವಳು. ಫ್ಯಾಕ್ಟರಿ ಮುಚ್ಚಿದಾಗ ನೋಡಿದರೆ, ಹಾಜರಿ ಪುಸ್ತಕದಲ್ಲಿ ಕೊನೆಯ ಹನ್ನೊಂದು ತಿಂಗಳು ಅವಳ ಹೆಸರೇ ಇಲ್ಲ. ಅವಳ ಜೊತೆ ಹೊಲಿಯುತ್ತಿದ್ದ ನಾವೆಲ್ಲ ನಲವತ್ತು ದಿನ ಗೇಟಿನ ಮುಂದೆ ಕೂತೆವು. ದಕ್ಕಿದ್ದು ಗ್ರಾಚುಟಿ ಮಾತ್ರ. ಅದರಲ್ಲಿ ಮನೆಯ ಮೇಲೊಂದು ಕೋಣೆ ಎಬ್ಬಿಸಿ, ಆಸ್ಪತ್ರೆಯ ಆಯಾ ಒಬ್ಬಳಿಗೆ ಬಾಡಿಗೆಗೆ ಕೊಟ್ಟಳು. ಆ ಬಾಡಿಗೆಯಲ್ಲೇ ಅಕ್ಕನ ಊಟ, ಮಂಡಿನೋವಿನ ಮಾತ್ರೆ.

ಹೋದ ತಿಂಗಳು ಸ್ವಿಚ್‌ಬೋರ್ಡಿನಿಂದ ಹತ್ತಿದ ಬೆಂಕಿ ಕೋಣೆಯನ್ನು ನುಂಗಿತು. ಆಯಾ ಡ್ಯೂಟಿಯಲ್ಲಿದ್ದಳು, ಜೀವ ಉಳಿಯಿತು.

ವಿಮೆಯೇನೋ ಇತ್ತು. ಆದರೆ ಕಂತು ಕಮ್ಮಿಯಾಗಲೆಂದು ಏಜೆಂಟ್ ಅರ್ಜಿಯಲ್ಲಿ ‘ಮಾಲೀಕರೇ ವಾಸ’ ಎಂದು ಬರೆದಿದ್ದ. ಅಕ್ಕ ಓದದೆ ಸಹಿ ಹಾಕಿದ್ದಳು. ನಷ್ಟ ಅಳೆಯುವ ಸರ್ವೇಯರ್ ಬರುವ ಬೆಳಿಗ್ಗೆ, ಏಜೆಂಟ್ ಅವನಿಗಿಂತ ಮೊದಲೇ ಬಂದು ನಿಂತ.

“ಮೇಲೆ ನಾನೇ ಮಲಗ್ತೀನಿ ಅನ್ನಿ ಅಕ್ಕಾ. ಬಾಡಿಗೆ ಅನ್ನೋ ಮಾತು ಬಾಯಿಂದ ಬಂತೋ, ಕ್ಲೇಮು ಹೋದಂಗೇ.”

“ಬಚ್ಚಲಿಗೆ ಹೋಗೋಕೇ ಗೋಡೆ ಹಿಡೀತೀನಿ. ಮೆಟ್ಟಿಲು ಹತ್ತಿ ಮಲಗ್ತೀನಾ ನಾನು?”

ಏಜೆಂಟ್ ನಗಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಆಯಾಳ ಕಡೆ ತಿರುಗಿ, “ನೀನು ಪಕ್ಕದ್ಮನೆಯವಳು. ಗೊತ್ತಾಯ್ತಾ?” ಎಂದ.

“ಮತ್ತೆ ನನ್ನ ಬೀರು, ಫ್ರಿಜ್ಜು? ಅಕ್ಕನ ಇನ್ಶೂರೆನ್ಸಲ್ಲಿ ಅದೂ ಬರುತ್ತಲ್ವಾ?”

“ಓನರ್ ಪಾಲಿಸಿ ಗೋಡೆಗೆ, ಸೂರಿಗೆ. ನಿನ್ನ ಸಾಮಾನಿಗೆ ನೀನೇ ಮಾಡಿಸ್ಬೇಕಿತ್ತು.”

ಬಾಡಿಗೆಗಿದ್ದ ನಾಲ್ಕು ವರ್ಷದಲ್ಲಿ ಇದನ್ನು ಯಾರೂ ಆಯಾಳಿಗೆ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ.

ಸರ್ವೇಯರ್ ಬಂದ, ಮೆಟ್ಟಿಲು ಹತ್ತಿ ಮೇಲೆ ಹೋದ. ಕರಿಗಟ್ಟಿದ ಗೋಡೆಯ ಫೋಟೊ ತೆಗೆದ. ಬೀರುವಿನ ಬಾಗಿಲನ್ನು ಪೆನ್ನಿನಿಂದ ಸರಿಸಿದ. ಒಳಗೆ ಅರ್ಧ ಸುಟ್ಟ ಆಸ್ಪತ್ರೆಯ ಸಮವಸ್ತ್ರ.

ಕೆಳಗಿಳಿದು ಬಂದು ಅಕ್ಕನನ್ನು ಕೇಳಿದ, “ಮೇಲೆ ಇರೋದು ಯಾರಮ್ಮ?”

ಏಜೆಂಟ್ ಕೆಮ್ಮಿದ. ಅಕ್ಕ ಕೈಯಲ್ಲಿದ್ದ ಪಾಲಿಸಿ ಕಾಗದವನ್ನು ಸುರುಳಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕ್ಲೇಮು ಬಾರದಿದ್ದರೆ ಸೂರಿಲ್ಲ, ಸೂರಿಲ್ಲದಿದ್ದರೆ ಬಾಡಿಗೆಯಿಲ್ಲ.

“ಇವಳು,” ಎಂದಳು ಕೊನೆಗೆ. “ನಾಲ್ಕು ವರ್ಷದಿಂದ ಬಾಡಿಗೆಗಿದಾಳೆ. ಇದ್ದವಳನ್ನ ಇಲ್ಲ ಅಂತ ಬರೆಯೋ ಆಟ ಫ್ಯಾಕ್ಟರಿಯವರು ನನ್ನ ಮೇಲೆ ಆಡಿದ್ರು. ನಾನು ಆಡಲ್ಲ. ಅರ್ಜಿ ತುಂಬಿದ್ದು ಇವನು, ಕೈಬರಹ ನೋಡ್ಕೊಳ್ಳಿ.”

ಕ್ಲೇಮು ಇನ್ನೂ ತೂಗಾಡುತ್ತಿದೆ. ಏಜೆಂಟ್ ಮೇಲೆ ದೂರು ಕೊಟ್ಟಿದ್ದೇವೆ. ಕೋಣೆಗೆ ಟಾರ್ಪಾಲು ಹೊದಿಸಿದೆ. ಆಯಾ ಕೆಳಗೆ ಅಕ್ಕನ ಪಕ್ಕದಲ್ಲೇ ಮಲಗುತ್ತಾಳೆ.

ಮನೆ ಬಾಡಿಗೆಗೆ ಕೊಟ್ಟವರೇ, ನಿಮ್ಮ ಕನಿಕರ ಅಕ್ಕನಿಗೂ ಆಯಾಳಿಗೂ ಬೇಡ. ಪಾಲಿಸಿ ಹೊರಗೆ ತೆಗೆಯಿರಿ. ವಾಸ ಯಾರದೆಂದು ಬರೆದಿದೆ, ಓದಿ. ಸುಳ್ಳಿದ್ದರೆ ಇವತ್ತೇ ತಿದ್ದಿಸಿ. ಆಮೇಲೆ ಬಾಡಿಗೆದಾರರ ಬಾಗಿಲು ತಟ್ಟಿ, ಅವರ ಸಾಮಾನು ನಿಮ್ಮ ಪಾಲಿಸಿಯಲ್ಲಿ ಸೇರಿಲ್ಲವೆಂದು ಬಾಯಿಬಿಟ್ಟು ಹೇಳಿ.